ಓಣಿಗೆ ಹಾಕಿದ ಮುಳ್ಳು

ಯಳಂದೂರು ಹೊಳೆ ದಡದ ತೋಟದ ಮನೆ,
ತಾ. 11-5-1953, ಸೋಮವಾರ

ಚಿರಂಜೀವಿ ಗುರುಮಲ್ಲಪ್ಪನಿಗೆ ಅಕ್ಕ ಶಿವರತ್ನಮ್ಮ ಮಾಡುವ ಆಶೀರ್ವಾದಗಳು.

ಇಲ್ಲಿ ನಾನು ಕ್ಷೇಮ, ಎತ್ತುಗಳು ಅರ್ಧ ಕ್ಷೇಮ. ನಿನ್ನ ಕೆಮ್ಮು ಹೇಗಿದೆ? ಮೆಣಸಿನ ಕಷಾಯ ಕುಡಿಯುತ್ತಿದ್ದೇನೆ ಎಂದು ಹೋದ ಕಾಗದದಲ್ಲಿ ನೀನು ಎರಡು ಸಲ ಬರೆದಿದ್ದೆ. ಎರಡು ಸಲ ಬರೆದದ್ದರಿಂದಲೇ ನನಗೆ ಅನುಮಾನ. ಮೈಸೂರಿಗೆ ಹೋಗಿ ವಕೀಲರ ಗುಮಾಸ್ತನಾದರೂ ನೀನು ಸುಳ್ಳು ಹೇಳುವಾಗ ನನಗೆ ಗೊತ್ತಾಗುತ್ತದೆ. ಇಂದಿನಿಂದಾದರೂ ಕುಡಿ.

ಈಗ ವಿಷಯಕ್ಕೆ ಬರುತ್ತೇನೆ. ನಿಮ್ಮ ವಕೀಲರಿಂದ ಪುಟ್ಟಬಸಪ್ಪನಿಗೆ ಒಂದು ನೋಟೀಸು ಕೊಡಿಸಬೇಕು. ಚಿಕ್ಕಪ್ಪನ ಮಗ, ಜೊತೆಯಲ್ಲಿ ಆಡಿ ಬೆಳೆದವನು ಎಂದು ನೀನು ಮೆತ್ತಗಾಗಬೇಡ. ಹಿಸ್ಸೆಯಾದಾಗ ಗೇಣಗಲದ ಬದುವಿಗೆ ಜಗಳವಾಡಿ, ಆರು ವರ್ಷದಿಂದ ನಮ್ಮ ಮನೆಗೂ ಅವರ ಮನೆಗೂ ಮಾತಿಲ್ಲ. ಬದು ನುಂಗಿದವನು ಈಗ ಹೊಳೆಯ ಓಣಿಗೆ ಬಾಯಿ ಹಾಕಿದ್ದಾನೆ. ಆ ಓಣಿ ಕೈತಪ್ಪಿದರೆ ನಮ್ಮ ದನಗಳಿಗೆ ನೀರಿಗೆ ಹೋಗಲು ಬೇರೆ ದಾರಿಯೇ ಇಲ್ಲ. ನಿನ್ನೆಯಿಂದ ಎರಡು ಎತ್ತಿಗೂ ಹಸುವಿಗೂ ನಾನೇ ಬಾವಿಯಿಂದ ಸೇದಿ ಹಾಕುತ್ತಿದ್ದೇನೆ. ಅಂಗೈಯಲ್ಲಿ ಬೊಬ್ಬೆ ಬಂದಿದೆ, ಅಕ್ಷರ ನೋಡಿದರೆ ತಿಳಿಯುತ್ತದೆ.

ಆದದ್ದು ಹೀಗೆ. ಶನಿವಾರ ಸಂಜೆ ಭರಣಿ ಮಳೆ ಗಾಳಿಯ ಸಮೇತ ಬಂತು. ಹಿತ್ತಲ ನುಗ್ಗೆಮರ ಮುರಿಯಿತು, ಕೊಟ್ಟಿಗೆಯ ಹೆಂಚು ಹಾರಿತು. ಹೋದ ವರ್ಷ ಪುಟ್ಟಬಸಪ್ಪ ತನ್ನ ಪಂಪಿಗೆಂದು ಕರೆಂಟಿನ ಕಂಬ ಹಾಕಿಸಿಕೊಂಡನಲ್ಲ, ಅದರಲ್ಲಿ ಓಣಿಯ ತಿರುವಿನ ಕಂಬ ಹೊಂಗೆಮರದ ಮೇಲೆ ವಾಲಿದೆ. ಅವನ ಮನೆಯ ದೀಪ ಅಂದೇ ಆರಿಹೋಯಿತು. ನನಗೇನೂ ದುಃಖವಾಗಲಿಲ್ಲ. ಭಾನುವಾರ ಬೆಳಕು ಹರಿಯುವ ಹೊತ್ತಿಗೆ ನಮ್ಮ ಎತ್ತು ಬಸವ ಕಣ್ಣಿ ಕಿತ್ತುಕೊಂಡು ಓಣಿಗೆ ನುಗ್ಗಿದವನು ಮೈಯೆಲ್ಲ ನಡುಗುತ್ತ ಓಡಿಬಂದ. ಮೈಮೇಲೆ ಏಟಿನ ಗುರುತಿಲ್ಲ. ಏನು ತಿನ್ನಿಸಿದರೋ, ಏನು ಮಾಡಿದರೋ, ಅಂದಿನಿಂದ ಆ ಕಡೆ ಮುಖ ಹಾಕುವುದಿಲ್ಲ. ಸ್ವಲ್ಪ ಹೊತ್ತಿನಲ್ಲೇ ಹೋಗಿ ನೋಡುತ್ತೇನೆ, ಓಣಿಯ ಬಾಯಿಗೆ ಎದೆಯೆತ್ತರ ಜಾಲಿಮುಳ್ಳು. ಪಕ್ಕದಲ್ಲಿ ಮಂಚ ಹಾಕಿಕೊಂಡು ಪುಟ್ಟಬಸಪ್ಪ ಕೂತಿದ್ದಾನೆ. ಗಾಳಿಗೆ ಮರ ಬೀಳುತ್ತದೆ, ಒಪ್ಪೋಣ. ಮುಳ್ಳು ತಾನಾಗಿ ಬಂದು ದಾರಿಗೆ ಅಡ್ಡ ಮಲಗುವುದುಂಟೇ?

ಇನ್ನು ಬೆದರಿಕೆಯ ಮಾತು. ಮಾತು ಬಿಟ್ಟವರು ಕೇಳಿಸಬೇಕಾದ್ದನ್ನು ದನಕ್ಕೋ ಗೋಡೆಗೋ ಹೇಳುವುದು ನಮ್ಮಲ್ಲಿ ಇದ್ದದ್ದೇ. ನಾನೂ ಆರು ವರ್ಷದಿಂದ ಅವನಿಗೆ ಬೈಯುವುದನ್ನೆಲ್ಲ ನಮ್ಮ ಹಸುವಿಗೇ ಬೈದಿದ್ದೇನೆ, ಪಾಪದ್ದು. ನಿನ್ನೆ ನನ್ನನ್ನು ಕಂಡೊಡನೆ ಅವನು ತನ್ನ ಎತ್ತಿನ ಕೊರಳು ಹಿಡಿದು, "ಲೇ, ಆ ಓಣಿಗೆ ಕಾಲಿಕ್ಕಿದ್ರೆ ಸತ್ತೋಯ್ತೀಯ ಕಣ್ಲಾ. ನೀನೂ ಸಾಯ್ತೀಯ, ನಿನ್ನ ಇಡ್ಕಂಡ್ ಬಂದೋರೂ ಸಾಯ್ತಾರೆ" ಎಂದು ಗಟ್ಟಿಯಾಗಿ ಕೂಗಿದ. ಎತ್ತು ಹಿಡಿದುಕೊಂಡು ಬರುವವಳು ನಾನಲ್ಲದೆ ಇನ್ಯಾರು? ಇದು ಪ್ರಾಣಬೆದರಿಕೆ ಹೌದೋ ಅಲ್ಲವೋ ವಕೀಲರನ್ನು ಕೇಳು. ಅವನ ಹೆಂಡತಿ ವೀರಮ್ಮ ಆ ಮುಳ್ಳಿಗೆ ಕೆಂಪು ಸೀರೆಯ ಚೂರು ಕಟ್ಟಿದ್ದಾಳೆ. ಮಾಟವಲ್ಲದೆ ಅದು ಮತ್ತೇನು? ಅವರ ಆಳು ಮಾದಣ್ಣ ಬಂದು ನಮ್ಮ ಬಾಗಿಲಲ್ಲಿ ನಿಂತ. ರಾಜಿ ಮಾಡಲು ಬಂದಿದ್ದಾನೆಂದು ಮುಖದ ಮೇಲೆ ಬಾಗಿಲು ಹಾಕಿದೆ. ಅವನು ಅಲ್ಲಿಂದ ಯಳಂದೂರಿನ ಕಡೆಗೆ ಓಡಿದ, ಶಾನುಭೋಗರ ಲೆಕ್ಕದಲ್ಲಿ ಓಣಿಯನ್ನು ತಮ್ಮ ಹೆಸರಿಗೆ ಮಾಡಿಸುವುದಕ್ಕೇ ಇರಬೇಕು. ಅವರ ಕಂದು ಹಸುವೂ ಎರಡು ದಿನದಿಂದ ಕಾಣುತ್ತಿಲ್ಲ. ಮೊಕದ್ದಮೆಯ ಖರ್ಚಿಗೆ ಕೊಳ್ಳೇಗಾಲದ ಸಂತೆಗೆ ಹೊಡೆದಿರಬೇಕು ಎಂದು ನನ್ನ ಊಹೆ.

ನೋಟೀಸು ಬರುವವರೆಗೆ ನಾನು ಕೈಕಟ್ಟಿ ಕೂರುವುದಿಲ್ಲ. ಈ ಕಾಗದ ಮುಗಿಸಿ, ಕುಡುಗೋಲು ಹಿಡಿದು ಹೋಗಿ ಮುಳ್ಳು ಎಳೆದು ಹಾಕಿ, ಬಸವನನ್ನು ಅದೇ ಓಣಿಯಲ್ಲಿ ಹೊಳೆಗೆ ಹೊಡೆದುಕೊಂಡು ಹೋಗುತ್ತೇನೆ. ತಿರುವಿನಲ್ಲಿ ತಂತಿ ಜೋತುಬಿದ್ದ ಹಾಗೆ ಕಾಣುತ್ತದೆ. ದೀಪವೇ ಆರಿದ ಮೇಲೆ ಅದು ಬರೀ ತಂತಿ. ಬಟ್ಟೆ ಹರವಲು ಆಗುತ್ತದೆ, ಬರುವಾಗ ಒಂದು ಮಾರು ತರುತ್ತೇನೆ.

ವಾರಕ್ಕೊಮ್ಮೆ ತಲೆಗೆ ಎಣ್ಣೆ ಹಾಕಿಕೋ. ಬೆಟ್ಟದ ಮಾದಪ್ಪ ನಿನ್ನನ್ನು ಚೆನ್ನಾಗಿಟ್ಟಿರಲಿ.

ಇತಿ, ನಿನ್ನ ಹಿತವನ್ನೇ ಬಯಸುವ
ಅಕ್ಕ ಶಿವರತ್ನಮ್ಮ

ವಿ. ಸೂ.: ನೋಟೀಸು ಕೊಡಿಸಬೇಡ. ಮೇಲಿನದನ್ನೆಲ್ಲ ಓದಿ ನಗಲೂ ಬೇಡ, ಹೊಸದಾಗಿ ಬರೆಯುವ ಶಕ್ತಿ ನನಗಿಲ್ಲ. ಬಸವನ ಹಗ್ಗ ಎಡಗೈಯಲ್ಲಿ ಹಿಡಿದು ಮೊದಲ ಮುಳ್ಳು ಎಳೆದಾಗ ಪುಟ್ಟಬಸಪ್ಪ ಮತ್ತೆ ತನ್ನ ಎತ್ತಿಗೆ ಕೂಗಿದ. ನಾನು ತಿರುಗಿ ನೋಡಲಿಲ್ಲ. ಎರಡನೆಯದನ್ನು ಎಳೆದೆ. ಅವನು ಓಡಿಬಂದು ನನ್ನ ರಟ್ಟೆ ಹಿಡಿದು, "ಅಕ್ಕಾ, ನಿನ್ ದಮ್ಮಯ್ಯ, ಓಗ್ಬ್ಯಾಡ. ತಂತಿ ಬಿದ್ದದೆ, ನೀರ್ಗೆಲ್ಲ ಕರೆಂಟ್ ಬಂದದೆ" ಎಂದ. ಆರು ವರ್ಷದ ಮೇಲೆ ಅಕ್ಕಾ ಎಂದ, ಗುರು. ಎಳೆದ ಮುಳ್ಳಿನ ಸಂದಿಯಿಂದ ನೋಡಿದೆ. ತಿರುವಿನ ತಗ್ಗಿನ ಕೆಸರುನೀರಿನಲ್ಲಿ ತಂತಿ ಬಿದ್ದಿತ್ತು, ಅದರ ಪಕ್ಕದಲ್ಲಿ ಅವನ ಕಂದು ಹಸು ಕಾಲು ಚಾಚಿ ಸತ್ತು ಬಿದ್ದಿತ್ತು. ಇನ್ನೊಂದು ಜೀವ ಹೋಗಬಾರದೆಂದು ಗಂಡಹೆಂಡಿರು ಎರಡು ದಿನದಿಂದ ಅಲ್ಲಿ ಕಾವಲು ಕೂತಿದ್ದಾರೆ. ಕೆಂಪು ಬಟ್ಟೆ ಕಟ್ಟಿದ್ದು ದೂರಕ್ಕೆ ಕಾಣಲೆಂದು. ಮಾದಣ್ಣ ನನಗೆ ಇದನ್ನೇ ಹೇಳಲು ಬಂದಿದ್ದ, ಆಮೇಲೆ ಓಡಿದ್ದು ಕರೆಂಟಿನ ಆಫೀಸಿಗೆ. ಗಾಳಿಗೆ ಎಲ್ಲೆಲ್ಲೂ ಕಂಬ ಬಿದ್ದಿದ್ದರಿಂದ ಲೈನ್‌ಮನ್ ಜಡೇಸ್ವಾಮಿ ಬಂದದ್ದು ಇವತ್ತು ಮಧ್ಯಾಹ್ನ. ಕರೆಂಟು ನಿಲ್ಲಿಸಿದ ಮೇಲೆಯೇ ಅವನೂ ಓಣಿಗೆ ಇಳಿದ. ದೀಪ ಆರಿತ್ತಲ್ಲಪ್ಪಾ ಎಂದು ಕೇಳಿದೆ. "ದೀಪ ಆರುದ್ರೆ ತಂತಿ ಸತ್ತಂಗಲ್ಲ ಕಣವ್ವಾ. ತುಂಡಾದ ತುದೀಲಿ ಕರೆಂಟ್ ಇದ್ದೇ ಇರ್ತದೆ. ನೆಲ ನೆಂದಿದ್ರೆ ತಂತಿ ಮುಟ್ಟದೇ ಇದ್ರೂವೆ ಒಡೀತದೆ, ದನಕ್ಕೆ ಇನ್ನೂ ಬ್ಯಾಗ. ದನ ಕಟ್ಟಾಕಿ, ದೂರ ನಿಂತ್ಕಂಡು, ನಮ್ಗೆ ಏಳಿಕಳಿಸ್ಬೇಕು, ಅಷ್ಟೇಯ" ಎಂದ. ಬಸವ ನಡುಗಿದ್ದು ಅದಕ್ಕೇ. ಬಟ್ಟೆ ಹರವಲು ತಂತಿ ತರುತ್ತೇನೆ ಎಂದು ಬರೆದದ್ದನ್ನು ಮಾತ್ರ ಯಾರಿಗೂ ಓದಿ ಹೇಳಬೇಡ.

ಪುಟ್ಟಬಸಪ್ಪನ ಕೂಸಿಗೆ ಇನ್ನೂ ಹಾಲಿನ ವಯಸ್ಸು. ಸಂಜೆ ನಮ್ಮ ಹಸು ಹೊಡೆದುಕೊಂಡು ಹೋದೆ. ಮಾತಾಡಬೇಕೆಂದೇ ಹೋದವಳು, ಅವರ ಬಾಗಿಲಲ್ಲಿ ನಿಂತು ಹಸುವಿಗೆ ಹೇಳಿದೆ, "ನೋಡವ್ವ, ಇವ್ರು ಇನ್ನೊಂದ್ ಹಸ ತರೋಗಂಟ ಈ ಮನೇಲೇ ಆಲು ಕೊಡು." ವೀರಮ್ಮ ಹೊರಗೆ ಬಂದು ಅದರ ಕೊರಳು ಸವರಿ ಅದಕ್ಕೇ ಉತ್ತರ ಕೊಟ್ಟಳು, "ಬಾಗ್ಲಲ್ಲಿ ನಿಲ್ಬ್ಯಾಡ, ಒಳಕ್ ಬಾ ಅಂತ ನಿಮ್ಮವ್ವನ್ಗೆ ಏಳವ್ವ." ಹೋದೆ. ಕಾಫಿಗೆ ಬೆಲ್ಲ ಸಾಲದು, ಬೇಕೆಂದೇ ಕಡಿಮೆ ಹಾಕಿದಳೋ ಏನೋ. ಇನ್ನೊಂದು ಲೋಟ ಕೊಡು ಎಂದು ಅವಳನ್ನೇ ಕೇಳಿದೆ.