ಗಾಜಿನ ಬಾಗಿಲ ಮೇಲಿನ ಎರಡಕ್ಷರ

ಹಾಗಾಗಿ ಹೆಸ್ಟರ್, ನಿನ್ನೆಯ ಹಾಳೆಯಲ್ಲಿ ಬರೆದಿದ್ದೆನಲ್ಲ, ಪದವಿ ಬದಲಿಸಿಕೊಳ್ಳುವ ಆ ಕಾಗದಕ್ಕೆ ಕೊನೆಗೂ ಸಹಿ ಹಾಕಿದೆ. ಇನ್ನು ಕ್ಯಾಲಿಫೋರ್ನಿಯಾದಲ್ಲಿ ನಾನು ಮೂಳೆ, ಬೆನ್ನು ತಿದ್ದಿ ಗುಣಪಡಿಸುವ ಆಸ್ಟಿಯೋಪತಿಯ ಡಿ.ಒ. ಅಲ್ಲ, ಉಳಿದ ಡಾಕ್ಟರುಗಳಂತೆ ಎಂ.ಡಿ. ಆಸ್ಟಿಯೋಪತಿಯವನೆಂದು ಊರಿನ ಆಸ್ಪತ್ರೆ ನನ್ನನ್ನು ಬಾಗಿಲಲ್ಲೇ ತಡೆಯುವಂತಿಲ್ಲ. ಕಳೆದ ವರ್ಷ ನಿನ್ನ ಕೊನೆಯ ವಾರ ನಾನು ಅಲ್ಲಿ ಡಾಕ್ಟರಾಗಿ ಅಲ್ಲ, ನೋಡಲು ಬಂದವನಾಗಿ ಬೆಂಚಿನ ಮೇಲೆ ಕೂತಿದ್ದೆ. ಆಗಲೂ ನೀನು, ಆ ಕಾಗದಕ್ಕೆ ಸಹಿ ಮಾತ್ರ ಹಾಕಬೇಡ ಎಂದಿದ್ದೆ.

ಮಧ್ಯಾಹ್ನ ನಮ್ಮ ಕ್ಲಿನಿಕ್ಕಿನ ಬಾಗಿಲ ಮೇಲಿನ ಡಿ.ಒ. ಕೆರೆದು ಎಂ.ಡಿ. ಬರೆಯಲು ಬೋರ್ಡು ಬರೆಯುವ ಲೂಮಿಸ್ ಬಂದ.

"ಏನ್ ಡಾಕ್ಟ್ರೇ, ನಿನ್ನೆವರೆಗೂ ಮೂಳೆ ತಿಕ್ಕೋರು, ಇವತ್ತು ದೊಡ್ಡ ಡಾಕ್ಟ್ರಾಗ್ಬಿಟ್ರಾ?" ಎಂದು ನಗುತ್ತಾ ಬಾಗಿಲ ಗಾಜಿಗೆ ಬ್ಲೇಡು ಹಿಡಿದವನು ಹಾಗೇ ನಿಂತ.

"ಹೆಸರು ಎರಡಿದೆ, ಡಿ.ಒ. ಒಂದೇ ಇದೆಯಲ್ರೀ! ಕೆರೆದ್ರೆ ಅಮ್ಮಾವ್ರದೂ ಹೋಗತ್ತೆ."

ಗಂಡ ಹೆಂಡತಿ ಇಬ್ಬರೂ ಮಿಸೌರಿಯಿಂದ ಪದವಿ ಹಿಡಿದು ಬಂದ ವರ್ಷ, ಕಲಿತದ್ದು ಒಂದೇ ತಾನೆ, ಇಬ್ಬರಿಗೂ ಒಂದೇ ಸಾಕು ಎಂದು ಹಾಗೆ ಬರೆಸಿದವಳು ನೀನೇ. ಕಾಲೇಜಿನ ಪಾಠ ಅರ್ಧ ಮರೆತಿದ್ದೇನೆ. ರೋಗಿಯ ಬೆನ್ನಿನ ಮೇಲೆ ನನ್ನ ಬೆರಳು ಹಿಡಿದು ನೀನು ತಿದ್ದಿದ್ದು ಮರೆತಿಲ್ಲ.

"ಬೇಗ ಹೇಳ್ರೀ, ಕೈ ನೋಯ್ತಿದೆ." ಬ್ಲೇಡು 'ಡಿ'ಯ ಅಂಚಿಗೆ ತಾಗಿತ್ತು.

"ಅಕ್ಷರ ಮುಟ್ಟಬೇಡ. ನನ್ನ ಹೆಸರು ಕೆರಿ."

"ನಿಮ್ದಾ? ಬದುಕಿರೋರು ನೀವಲ್ವೇನ್ರೀ!"

ಗೊಣಗುತ್ತಲೇ ಕೆರೆದು ಹೋದ. ಈಗ ಸಂಜೆಯ ಬಿಸಿಲು ಆ ಗಾಜಿನಿಂದ ಈ ಹಾಳೆಯ ಮೇಲೆ ನಿನ್ನ ಹೆಸರಿನ ನೆರಳು ಬೀಳಿಸಿದೆ, ಜೊತೆಗೆ ಆ ಎರಡಕ್ಷರ. ಅದರ ಪಕ್ಕದಲ್ಲೇ ಬರೆಯುತ್ತಿದ್ದೇನೆ. ಬೆಳಕು ಇಳಿಯುತ್ತಿದೆ. ದೀಪ ಹಾಕಿದರೆ ನೆರಳು ಅಳಿಸಿಹೋಗುತ್ತದೆ, ಹಾಕುವುದಿಲ್ಲ.