ಕೋಲು ಊರಿದರೆ ಠಣ್

ಜೂನ್ ೩, ಮಾನ್ವಿ

ಇವತ್ತೂ ತಮಾಷೆಗೆ ಅವ್ವ ಓಡಿ ಬರುವಂತೆ ಮಾಡಿದೆ. ಮುತ್ಯಾ, ಅಂದರೆ ನಮ್ಮಜ್ಜ, ಎಂದಿನಂತೆ ಹಾಡು ಹಚ್ಚಿಟ್ಟೇ ನಿದ್ದೆ ಹೋಗಿದ್ದ. ಅವನ ಕೋಲಿನಿಂದ ಹಾಸುಗಲ್ಲಿಗೆ ಕುಟ್ಟಿದೆ. ಮೇಜಿನ ಮೇಲಿನ ಹಳೇ ಆಂಪ್ಲಿಫೈಯರಿನ ಬಲ್ಬಿನಂಥ ಗಾಜಿನ ವಾಲ್ವ್ ನಡುಗಿತು. ಸ್ಪೀಕರಿನಲ್ಲಿ — ಠಣ್. ಅವ್ವ ಹಿಟ್ಟಿನ ಕೈಯಲ್ಲೇ ಬಂದಳು. "ಯಪ್ಪಾ, ಏಳಬ್ಯಾಡ್ರಿ, ನಾ ಬಂದೆ." ನನ್ನನ್ನು ಕಂಡು ಸೌಟು ಎತ್ತಿದಳು. ಸನ್ಮಾನ ಸ್ವೀಕರಿಸಿದೆ.

ಲಕ್ವಾ ಹೊಡೆದ ಮೇಲೆ ಮುತ್ಯಾ ಒಬ್ಬನೇ ಏಳಕೂಡದು — ಡಾಕ್ಟರ ಆಜ್ಞೆ. ಆದರೂ ಕೋಲು ಊರಿ ಏಳುತ್ತಾನೆ. ಠಣ್ ಎಂದರೆ ಅವ್ವ ಹಾಜರ್.

ಜೂನ್ ೯

ಘನತೆವೆತ್ತ ಮುತ್ಯಾರ ದೂರು: "ಲೇ ಉದ್ಯಾ, ನನ್ನ ಕೋಲು ತತ್ವಪದಕ್ಕ ತಾಳ ಹಾಕಾಕತ್ತದ. ಸಾಯೂದ್ರೊಳಗ ಒಮ್ಮೆ ಸ್ವಚ್ಛ ಕೇಳಿಸಲೇ."

ತನಿಖಾ ಆಯೋಗ ರಚಿಸಿದೆ. ಅಧ್ಯಕ್ಷ, ಸದಸ್ಯ, ಜವಾನ — ಎಲ್ಲಾ ನಾನೇ.

ಜೂನ್ ೧೨, ರಾಯಚೂರಿನಿಂದ ಬಸ್ಸಿನಲ್ಲಿ

ರೇಡಿಯೋ ರಿಪೇರಿಯ ಗುಲಾಮ್ ದಸ್ತಗೀರ್ ಚಾಚಾನ ತೀರ್ಪು: ನೆಲದ ನಡುಕ ಮೇಜು ಹತ್ತಿ ವಾಲ್ವಿಗೆ ಬರುತ್ತದೆ. ವಾಲ್ವಿನ ಕೊರಳಿಗೆ ಬಿಸಿ ತಾಳುವ ರಬ್ಬರ್ ಉಂಗುರ, ಪೆಟ್ಟಿಗೆಯ ಕೆಳಗೆ ಸ್ಕೂಟರ್ ಟ್ಯೂಬಿನ ತುಂಡು. ಉಂಗುರ ಜೇಬಿನಲ್ಲಿದೆ. ನಿಶ್ಚಿತಾರ್ಥಕ್ಕೆ ಹೊರಟಂತಿದೆ.

ಜೂನ್ ೧೩

ಉಂಗುರ ತೊಡಿಸಿದೆ. ಕೋಲು ಕುಟ್ಟಿದೆ — ಠಣ್ ಇಲ್ಲ. ಕುಣಿದೆ — ಇಲ್ಲ. ಮುತ್ಯಾ ಕಣ್ಣು ಮುಚ್ಚಿ ಪದ ಪೂರ್ತಿ ಕೇಳಿದ. ಕೆನ್ನೆ ಒದ್ದೆ. "ಭೇಷ್ ಮಾಡಿದಿ ಲೇ."

ಅವ್ವ ಮಾತ್ರ — "ಹಂಗಾರ ಎದ್ದದ್ದು ನನಗ ಹೆಂಗ ತಿಳೀಬೇಕು?"

ಆಯೋಗ ಆಕ್ಷೇಪಣೆ ತಳ್ಳಿಹಾಕಿತು.

ಜೂನ್ ೨೮

ಹೋದ ವಾರ ನಾನು ದೇವದುರ್ಗದಲ್ಲಿ ಗೆಳೆಯನ ಮದುವೆಯಲ್ಲಿದ್ದೆ. ಮಧ್ಯಾಹ್ನ. ಮುತ್ಯಾ ನೀರಿಗೆಂದು ಎದ್ದಿರಬೇಕು. ಬಿದ್ದ. ತಲೆಗೆ ಪೆಟ್ಟು. ಅಡುಗೆಮನೆಯಲ್ಲಿದ್ದ ಅವ್ವನಿಗೆ ಕೇಳಿಸಿದ್ದು ಹಾಡೊಂದೇ. ಸ್ವಚ್ಛ. ಹಾಡು ಮುಗಿದ ಮೇಲೆ ಚಹಾ ಒಯ್ದು ನೋಡಿದಳು.

ರಾಯಚೂರಿನ ಆಸ್ಪತ್ರೆಯಲ್ಲಿ ಎರಡು ದಿನ ಇದ್ದ. ಮೂರನೇ ದಿನ ತೀರಿಕೊಂಡ. ಮಣ್ಣು ಮಾಡಿ ಬಂದೆವು.

ಅವ್ವ ಊಟಕ್ಕೆ ಕರೆಯುತ್ತಾಳೆ, ಅಷ್ಟೆ. ಸೌಟು ಎತ್ತಿದ್ದರೆ ಚೆನ್ನಾಗಿತ್ತು.

ಜುಲೈ ೧೧

ಉಂಗುರ ಬಿಚ್ಚಿದೆ. ಟ್ಯೂಬ್ ಎಳೆದು ಹಾಕಿದೆ. ಸ್ವಿಚ್ ಒತ್ತಿ, ವಾಲ್ವ್ ಕೆಂಪಾಗುವ ತನಕ ಕಾದೆ. ಹಾಡು ಹಚ್ಚಲಿಲ್ಲ. ಮೂಲೆಯಲ್ಲಿ ಕೋಲು. ಕೇಳಬೇಕೆನಿಸಿತು... ಒಂದೇ ಸಲ. ಮೆಲ್ಲಗೆ ಊರಿದೆ.

ಠಣ್.

ಒಳಗೆ ಪಾತ್ರೆ ಬಿತ್ತು. ಅವ್ವ ಓಡಿ ಬಂದಳು, ಕೈತುಂಬ ಹಿಟ್ಟು. "ಯಪ್ಪಾ, ಏಳಬ್ಯಾಡ್ರಿ, ನಾ —"

ತಮಾಷೆ ಅಲ್ಲ ಎನ್ನಬೇಕಿತ್ತು. ಕೋಲು ನನ್ನ ಕೈಯಲ್ಲೇ ಇತ್ತು. ಅವ್ವ ಅದನ್ನು ನೋಡಿದಳು, ಖಾಲಿ ಮಂಚ ನೋಡಿದಳು, ಆಮೇಲೆ ನನ್ನನ್ನು. ಹಿಟ್ಟಿನ ಕೈಯಲ್ಲೇ ಕೋಲು ಕಸಿದುಕೊಂಡು ಒಳಗೆ ಹೋದಳು.