ಮಾರ್ತಾಳ ನೂರು ಪ್ರಶ್ನೆಗಳು

ಕ್ಲಾರ್ಕ್ಸ್‌ಬರ್ಗ್, ಮೇರಿಲ್ಯಾಂಡ್
೧೬ ಫೆಬ್ರವರಿ ೨೦೨೫, ಭಾನುವಾರ

ಶಶಾಂಕನ ಅಪ್ಪನಿಗೆ ರಾಜಲಕ್ಷ್ಮಿಯ ನಮಸ್ಕಾರಗಳು.

'ಪ್ರೀತಿಯ' ಎಂದು ಶುರು ಮಾಡಲು ಹೋದೆ, ಕೈ ಬರಲಿಲ್ಲ. 'ಡಾಕ್ಟರ್ ದತ್ತಾತ್ರೇಯ ಅವರಿಗೆ' ಎಂದರೆ ಆಸ್ಪತ್ರೆಯ ಬಿಲ್ಲಿನ ಹಾಗೆ ಕಾಣುತ್ತದೆ. ನಿಮ್ಮ ತಾಯಿಯ ಎದುರಿಗೆ ನಿಮ್ಮ ಹೆಸರು ಹೇಳದೆ ತಪ್ಪಿಸಿಕೊಳ್ಳುತ್ತಿದ್ದ ಹಳೆಯ ದಾರಿಯನ್ನೇ ಹಿಡಿದಿದ್ದೇನೆ. ಫೋನ್ ಮಾಡಿದರೆ ಎರಡು ಮಾತಿಗೆ ಇಡುತ್ತೀರಿ. ಈಮೇಲ್ ತೆರೆದುಕೊಡುವವನು ಶಶಾಂಕ, ಅವನು ಇದನ್ನು ಓದುವುದು ನನಗೆ ಬೇಡ. ಅದಕ್ಕೇ ಸ್ಟಾಂಪ್ ಹಚ್ಚಿ, ನೀವೀಗ ಇರುವ ಫೋರ್ಟ್ ಮಿಲ್‌ಗೆ ಕಳಿಸುತ್ತಿದ್ದೇನೆ. ನಿಮ್ಮ ಮೊಣಕಾಲು ಹೇಗಿದೆ ಎಂದು ಕೇಳುವುದಿಲ್ಲ. ಮಗ ಹೇಳುತ್ತಿರುತ್ತಾನೆ.

ವಿಷಯ ಮಾರ್ತಾಳದು. ಎಲ್ ಸಾಲ್ವಡಾರ್‌ನ ಸಾನ್ ಮಿಗೆಲ್‌ನವಳು, ನಮ್ಮ ಮನೆಯಲ್ಲಿ ಹದಿನಾಲ್ಕು ವರ್ಷ ಕೆಲಸಕ್ಕಿದ್ದವಳು, ಕೊನೆಯ ಆರು ವರ್ಷ ನಿಮ್ಮ ತಾಯಿಗೆ ಸ್ನಾನ ಮಾಡಿಸಿ, ಜಡೆ ಹೆಣೆದು, ಮೊಸರನ್ನ ತಿನ್ನಿಸಿದವಳು. ಕೋವಿಡ್ ಬಂದಾಗ ಅತ್ತೆಗೆ ಸೋಂಕು ತಗಲಬಾರದೆಂದು ತನ್ನ ಮನೆಗೇ ಹೋಗದೆ ಹದಿನಾಲ್ಕು ತಿಂಗಳು ನಮ್ಮ ಬೇಸ್‌ಮೆಂಟಿನಲ್ಲಿ ಮಲಗಿದವಳು. ಅವಳ ತಮ್ಮ ಸತ್ತಾಗ ಮಣ್ಣು ಮಾಡುವುದನ್ನು ನಮ್ಮ ಅಡುಗೆಮನೆಯಲ್ಲಿ ನಿಂತು ಫೋನಿನಲ್ಲಿ ನೋಡಿದಳು, ನೋಡಿ ಮುಗಿಸಿ ಅತ್ತೆಗೆ ಗಂಜಿ ಕುಡಿಸಿದಳು. ಇದೆಲ್ಲ ನಿಮಗೆ ಗೊತ್ತಿಲ್ಲವೆಂದು ಬರೆಯುತ್ತಿಲ್ಲ. ನೀವು ಮರೆತಿರಬಹುದೆಂದು ಬರೆಯುತ್ತಿದ್ದೇನೆ. ನಮ್ಮದು ಅನುಕೂಲಕ್ಕೆ ಬರುವ ಮರೆವು. ರೋಗದ ಮರೆವು ಬಂದಿರುವುದು ಅವಳಿಗೆ.

ಜನವರಿಯ ಎರಡನೆಯ ವಾರ, ಬೆಳಿಗ್ಗೆ ಏಳಕ್ಕೆ ಬೆಲ್ ಆಯಿತು. ಬಾಗಿಲು ತೆರೆದರೆ ಮಾರ್ತಾ. ಹೊರಗೆ ಪಾದ ಮುಳುಗುವಷ್ಟು ಹಿಮ, ಅವಳ ಕಾಲಿನಲ್ಲಿ ಮನೆಯೊಳಗೆ ಹಾಕುವ ಬಟ್ಟೆಯ ಚಪ್ಪಲಿ. ಮೈಮೇಲೆ ಕೋಟು ಇಲ್ಲ. ತನ್ನ ಮನೆಯಿರುವ ಜರ್ಮನ್‌ಟೌನ್‌ನಿಂದ ಬಸ್ಸು ಹಿಡಿದು, ಇಳಿದು, ನಡೆದು ಬಂದಿದ್ದಾಳೆ. ಅಷ್ಟು ದಾರಿ ಅವಳ ಕಾಲಿಗೆ ನೆನಪಿತ್ತು. "ಗುಡ್ ಮಾರ್ನಿಂಗ್ ಮೇಡಂ" ಎಂದು ನನ್ನ ಪಕ್ಕದಲ್ಲೇ ನುಸುಳಿಕೊಂಡು ಮಹಡಿ ಹತ್ತಿದಳು. ಅತ್ತೆಯ ಕೋಣೆಯಲ್ಲಿ ಈಗ ನನ್ನ ಟ್ರೆಡ್‌ಮಿಲ್ ಇದೆ. ಅದರ ಮುಂದೆ ಸ್ವಲ್ಪ ಹೊತ್ತು ನಿಂತಳು. ಆಮೇಲೆ ಬಚ್ಚಲಿಗೆ ಹೋಗಿ ನೀರು ಬಿಟ್ಟು, ಮೊಣಕೈಯಲ್ಲಿ ಬಿಸಿ ನೋಡಿ, ಹೊರಗೆ ಬಂದು ನಾವು ಕಲಿಸಿದ ಕನ್ನಡದಲ್ಲಿ ಕೇಳಿದಳು, "ಅಮ್ಮಾ ಎಲ್ಲಿ? ನೀರು ಬಿಸಿ."

ಅಮ್ಮ ತೀರಿಕೊಂಡು ಎರಡು ವರ್ಷ ಆಗುತ್ತಾ ಬಂತು ಎಂದೆ. ಆ ಕ್ಷಣ ಸುದ್ದಿ ಬಂದ ಹಾಗೆ ನೆಲದ ಮೇಲೆ ಕೂತು ಅತ್ತಳು. ನಮ್ಮ ಮನೆಯಲ್ಲಿ ಅತ್ತೆಗಾಗಿ ಹಾಗೆ ಅತ್ತವರು ಬೇರೆ ಯಾರೂ ಇಲ್ಲ, ನೀವೂ ಸೇರಿದಂತೆ. ಹತ್ತು ನಿಮಿಷಕ್ಕೆ ಎದ್ದು ಮತ್ತೆ ಕೇಳಿದಳು. ದೇವಸ್ಥಾನಕ್ಕೆ ಹೋಗಿದ್ದಾರೆ ಎಂದೆ. ಮೂರನೆಯ ಸಲ ಕೇಳಿದಾಗ ನನ್ನ ಕೈಲಾಗಲಿಲ್ಲ. ಡೈನಿಂಗ್ ಟೇಬಲ್ಲಿಗೆ ಕರೆತಂದು ಕೂರಿಸಿ, ಹಿಂದೆ ಪೌರತ್ವದ ಪರೀಕ್ಷೆಗೆ ಕಲಿಸುತ್ತಿದ್ದ ಹಾಗೆ ಒಂದನೆಯ ಪ್ರಶ್ನೆ ಕೇಳಿದೆ, ಈ ದೇಶದ ಎಲ್ಲಕ್ಕಿಂತ ದೊಡ್ಡ ಕಾನೂನು ಯಾವುದು ಎಂದು. ಮೂಗು ಒರೆಸಿಕೊಂಡು ಬೆನ್ನು ನೆಟ್ಟಗೆ ಮಾಡಿ "ಕಾನ್‌ಸ್ಟಿಟ್ಯೂಷನ್" ಎಂದಳು. ಎರಡು, ಮೂರು, ನಾಲ್ಕು. ಎಲ್ಲೂ ತಡವರಿಸಲಿಲ್ಲ. ನಾನು ಫೋನ್ ಮಾಡಿದ್ದಕ್ಕೆ ಅವಳ ಮಗಳು ಯೆಸೇನಿಯಾ ಬರುವ ಹೊತ್ತಿಗೆ ನಾವು ಮೂವತ್ತು ದಾಟಿದ್ದೆವು.

ಯೆಸೇನಿಯಾ ಹೋಟೆಲಿನ ಯೂನಿಫಾರಂನಲ್ಲೇ ಓಡಿ ಬಂದಿದ್ದಳು. ಬಾಗಿಲಲ್ಲಿ ನಿಂತು ತಾಯಿ ಉತ್ತರ ಹೇಳುವುದನ್ನು ಕೇಳಿ ಅತ್ತುಬಿಟ್ಟಳು. ಮನೆಯಲ್ಲಿ ದಿನವಿಡೀ ನಾಲ್ಕು ಮಾತು ಆಡುವುದಿಲ್ಲವಂತೆ, ಇಲ್ಲಿ ಇಷ್ಟು ಮಾತಾಡುತ್ತಾಳಲ್ಲ ಎಂದಳು. "ಮಿಸ್ ರಾಜಿ, ಯೂ ವರ್ ಆಲ್ವೇಸ್ ಗುಡ್ ಟು ಹರ್" ಎಂದು ನನ್ನ ಕೈ ಹಿಡಿದುಕೊಂಡಳು. ಆ ಕೈಯನ್ನು ಎಲ್ಲಿ ಇಟ್ಟುಕೊಳ್ಳಬೇಕೆಂದು ನನಗೆ ತಿಳಿಯಲಿಲ್ಲ. ಅಂದಿನಿಂದ ಸೋಮವಾರ, ಗುರುವಾರ ಮಾರ್ತಾಳನ್ನು ನನ್ನ ಹತ್ತಿರ ಬಿಟ್ಟು ಕೆಲಸಕ್ಕೆ ಹೋಗುತ್ತಾಳೆ. ಉಳಿದ ದಿನ ಹೊರಗಿನಿಂದ ಬೀಗ. ಬೇರೆ ದಾರಿಯಿಲ್ಲ ಎಂದು ಅವಳೇ ಹೇಳಿದಳು, ನಾಚಿಕೆಯಿಂದ. ನಾಚಿಕೆಪಡಬೇಕಾದವರು ಬೇರೆಯವರು.

ಆ ನೂರು ಪ್ರಶ್ನೆಗಳ ಕಥೆಯನ್ನು ನೀವು ಅರ್ಧ ಮಾತ್ರ ಬಲ್ಲಿರಿ. ಮಾರ್ತಾ ಪೌರತ್ವದ ಪರೀಕ್ಷೆಗೆ ಕೂರಬೇಕೆಂದಾಗ, ಸರ್ಕಾರ ಮೊದಲೇ ಕೊಡುವ ಆ ನೂರರ ಪಟ್ಟಿಯನ್ನು ಕಲಿಸುತ್ತೇನೆಂದು ಮುಂದೆ ಬಂದವಳು ನಾನು. ನೀವು ಊಟಕ್ಕೆ ಬಂದ ಗೆಳೆಯರಿಗೆಲ್ಲ ಹೇಳಿಕೊಂಡಿರಿ, ನಮ್ಮ ರಾಜಿ ಮಾರ್ತಾಗೆ ಸಿಟಿಜನ್‌ಶಿಪ್ ಕೋಚಿಂಗ್ ಮಾಡ್ತಿದಾಳೆ, ಎಂದು. ನಾನು ಕಲಿಸಿದ್ದು ನನಗೆ ಬರುವ ಒಂದೇ ವಿಧಾನದಲ್ಲಿ. ನಮ್ಮಪ್ಪ ಮೈಸೂರಿನಲ್ಲಿ ನಮ್ಮನ್ನು ಸಾಲಾಗಿ ಕೂರಿಸಿ ಮಗ್ಗಿ ಹೇಳಿಸುತ್ತಿದ್ದ ಹಾಗೆ, ಒಂದರಿಂದ ನೂರರವರೆಗೆ, ಮಧ್ಯಾಹ್ನ ಅತ್ತೆ ಮಲಗಿದ ಮೇಲೆ, ದಿನಕ್ಕೆರಡು ಸಲ. ನಾವು ಎಂಬಿಬಿಎಸ್ ಪಾಸು ಮಾಡಿದ್ದೂ ಹೀಗೇ, ಇಲ್ಲಿನ ಬೋರ್ಡ್ ಪರೀಕ್ಷೆ ಗೆದ್ದದ್ದೂ ಹೀಗೇ. ಬಾಯಿಪಾಠ ಬಂದರೆ ಬುದ್ಧಿ ಇದೆ ಎಂದೇ ಅಲ್ಲವೇ ನಮ್ಮ ಲೆಕ್ಕ.

ಒಂದು ದಿನ ಪುಟ ತಪ್ಪಿ ಎಪ್ಪತ್ತನೆಯ ಪ್ರಶ್ನೆಯನ್ನು ಮೊದಲು ಕೇಳಿದೆ, ದೇಶದ ಮೊದಲ ಅಧ್ಯಕ್ಷ ಯಾರು ಎಂದು. "ಕಾನ್‌ಸ್ಟಿಟ್ಯೂಷನ್" ಎಂದಳು. ಮತ್ತೊಂದನ್ನು ಮಧ್ಯದಿಂದ ಎತ್ತಿ ಕೇಳಿದೆ. ಪಟ್ಟಿಯ ಎರಡನೆಯ ಉತ್ತರ ಕೊಟ್ಟಳು. ನಾನು ಏನು ಕೇಳಿದರೂ ಅವಳು ತನ್ನ ಸಾಲಿನಲ್ಲೇ ಹೋಗುತ್ತಿದ್ದಳು. ಇದು ೨೦೨೨ರ ಬೇಸಿಗೆ. ಅದೇ ಹೊತ್ತಿಗೆ ಮಹಡಿಯಲ್ಲಿ ನಿಮ್ಮ ತಾಯಿ ಸ್ತೋತ್ರವನ್ನು ಒಂದಕ್ಷರ ಬಿಡದೆ ಹೇಳುತ್ತಿದ್ದರು. ಹೇಳಿ ಮುಗಿಸಿ, ಕೆಳಗೆ ಓಡಾಡುವ ಈ ಗಂಡಸು ಯಾರು ಎಂದು ನಿಮ್ಮನ್ನು ತೋರಿಸಿ ಕೇಳುತ್ತಿದ್ದರು. ನಾನು ಮಕ್ಕಳ ಡಾಕ್ಟರು, ವಯಸ್ಸಾದವರ ಕಾಯಿಲೆ ತಿಳಿಯದು ಎಂದು ಯಾರಾದರೂ ಹೇಳಲಿ, ನೋಡೋಣ. ನಾಲ್ಕು ವರ್ಷದಿಂದ ಒಬ್ಬರಲ್ಲಿ ನೋಡುತ್ತಿದ್ದುದನ್ನು ಆ ಮಧ್ಯಾಹ್ನ ಎರಡನೆಯವಳಲ್ಲಿ ಗುರುತು ಹಿಡಿದೆ. ಪುಸ್ತಕ ಸರಿಮಾಡಿ ಮತ್ತೆ ಒಂದರಿಂದ ಶುರು ಮಾಡಿದೆ.

ಅದಕ್ಕೂ ಮುಂಚಿನದು ಇನ್ನೂ ಇದೆ. ಆ ವರ್ಷದ ಏಪ್ರಿಲ್‌ನಲ್ಲಿ ಅತ್ತೆ ಬಚ್ಚಲಲ್ಲಿ ತಲೆಸುತ್ತಿ ಬಿದ್ದರಲ್ಲ, ನೀವು ನೀರು ಕಮ್ಮಿ ಕುಡಿದಿದ್ದಾರೆ ಎಂದಿರಿ. ಮಾರ್ತಾ ಬಿಪಿ ಮಾತ್ರೆ ಎರಡು ಸಲ ಕೊಟ್ಟಿದ್ದಳು. ಡಬ್ಬಿಯ ಮಾತ್ರೆ ಎಣಿಸಿ ನಾನು ಕಂಡುಕೊಂಡೆ. ಮರುದಿನದಿಂದ ಮಾತ್ರೆ ನಾನೇ ಕೊಡತೊಡಗಿದೆ, ನಿಮಗೆ ಹೇಳಲಿಲ್ಲ. ಹುಳಿಗೆ ಎರಡು ಸಲ ಹುಣಸೆಹಣ್ಣು, ಒಗೆದ ಬಟ್ಟೆ ಮತ್ತೆ ಮಷಿನ್ನಿಗೆ, ಒಲೆಯ ಮೇಲೆ ಖಾಲಿ ಪಾತ್ರೆ. ಅವಳ ಸ್ಪ್ಯಾನಿಷ್ ನಮಗೆ ಬಾರದು, ನಮ್ಮ ಇಂಗ್ಲಿಷ್ ಅವಳಿಗೆ ಪೂರ್ತಿ ಬಾರದು, ಅಡುಗೆಮನೆಯ ಕನ್ನಡ ಹತ್ತಿಪ್ಪತ್ತು ಮಾತು. ಈ ಮೂರರ ನಡುವೆ ಏನು ಕಳೆದುಹೋದರೂ ತಪ್ಪನ್ನು ಭಾಷೆಯ ತಲೆಗೆ ಕಟ್ಟಿದೆವು. ಅವಳಿಗೆ ಸಕ್ಕರೆ ಕಾಯಿಲೆ ಇದೆಯೆಂದು ಪತ್ತೆಯಾದದ್ದು ನಮ್ಮ ಮನೆ ಬಿಟ್ಟ ಮೇಲೆ. ಇಬ್ಬರು ಡಾಕ್ಟರಿದ್ದ ಮನೆ. ದೀಪದ ಬುಡದಲ್ಲಿ ಕತ್ತಲೆ ಎನ್ನುವುದು ಇದಕ್ಕೇ.

ಸೆಪ್ಟೆಂಬರ್‌ನಲ್ಲಿ ಪರೀಕ್ಷೆಗೆ ಹೋದಳು. ಅಧಿಕಾರಿ ಪಟ್ಟಿಯ ಮಧ್ಯದಲ್ಲಿ ಎಲ್ಲಿಂದಲೋ ಒಂದು ಪ್ರಶ್ನೆ ಕೇಳಿದರು, ಇವಳು ಒಂದನೆಯದರ ಉತ್ತರ ಹೇಳಿದಳು. ಫೇಲು. ಯೆಸೇನಿಯಾಗೆ ಅನುಮಾನ ಬಂದು ಅವಳನ್ನು ಯಾವುದೋ ಧರ್ಮಾರ್ಥ ಕ್ಲಿನಿಕ್ಕಿಗೆ ಕರೆದುಕೊಂಡು ಹೋದಳು. ಅಲ್ಲಿನ ಚಿಕ್ಕ ವಯಸ್ಸಿನ ಡಾಕ್ಟರು, ಹತ್ತು ವರ್ಷದಿಂದ ಮಾರ್ತಾಳ ಬಿಪಿಗೂ ಮಾತ್ರೆ ಬರೆದುಕೊಡುತ್ತಿದ್ದ ನಿಮಗೆ ಪತ್ರ ಬರೆದು, ಇವಳ ನೆನಪಿನ ಶಕ್ತಿ ಹೇಗಿತ್ತು ಎಂದು ಕೇಳಿದರು. ನೀವು ಅವಳನ್ನು ಎದುರಿಗೆ ಕೂರಿಸಿಕೊಂಡು ಒಂದು ಪ್ರಶ್ನೆ ಕೇಳಲಿಲ್ಲ. ಅವಳು ಪಕ್ಕದಲ್ಲೇ ಚಪಾತಿ ಲಟ್ಟಿಸುತ್ತಿದ್ದಳು. ನೀವು ತಟ್ಟೆಯಿಂದ ತಲೆ ಎತ್ತದೆ ನನ್ನನ್ನು ಕೇಳಿದಿರಿ, "ಮಾರ್ತಾ ಈಸ್ ಫೈನ್, ಅಲ್ವಾ? ದಿನಾ ನೋಡೋಳು ನೀನು." ಆಮೇಲೆ ಲೆಟರ್‌ಹೆಡ್ ತೆಗೆದು ಬರೆದಿರಿ, ಹತ್ತು ವರ್ಷದಿಂದ ನನ್ನ ಪೇಷಂಟು, ನೆನಪಿನ ಶಕ್ತಿಗೆ ತೊಂದರೆಯಿಲ್ಲ, ಓದು ಕಮ್ಮಿ, ಭಾಷೆಯದೇ ಸಮಸ್ಯೆ. ದೊಡ್ಡ ಡಾಕ್ಟರ ಮಾತು. ಆ ಹುಡುಗ ಡಾಕ್ಟರು ಫೈಲು ಮುಚ್ಚಿದರು. ಡಿಸೆಂಬರ್‌ನಲ್ಲಿ ಎರಡನೆಯ ಸಲವೂ ಫೇಲಾದಳು.

ಈಗ ನೀವು ಕೇಳುತ್ತೀರಿ, ನೀನು ಏನು ಉತ್ತರ ಕೊಟ್ಟೆ ಎಂದು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವುದು ಬೇಡ, ನಾನೇ ಹೇಳುತ್ತೇನೆ. "ಫೈನ್ ರೀ, ಭಾಷೆ ಪ್ರಾಬ್ಲಂ ಅಷ್ಟೇ" ಎಂದೆ. ಅವಳಿಗೆ ರೋಗವೆಂದು ಒಪ್ಪಿದರೆ ಅತ್ತೆಯನ್ನು ಅವಳ ಕೈಗೆ ಬಿಡುವ ಹಾಗಿರಲಿಲ್ಲ. ಹೊಸಬರನ್ನು ಅತ್ತೆ ಹತ್ತಿರ ಸೇರಿಸುತ್ತಿರಲಿಲ್ಲ. ಉಳಿಯುತ್ತಿದ್ದವಳು ನಾನು. ಮೂವತ್ತೈದು ವರ್ಷ ನಾನು ಮಾಡಿದ ಅಡುಗೆಗೆ ಹೆಸರಿಟ್ಟವರನ್ನು, ನನ್ನ ಬಂಜೆತನದ ಆರು ವರ್ಷ ನಿಮಗೆ ಬೇರೆ ಹೆಣ್ಣು ನೋಡುತ್ತೇನೆಂದು ನನ್ನೆದುರೇ ಆಡಿದವರನ್ನು, ಮುಟ್ಟಿ ತೊಳೆಯುವುದು ನನ್ನಿಂದ ಆಗುತ್ತಿರಲಿಲ್ಲ. ಆಗಬಾರದೆಂದೇ ನಿರ್ಧರಿಸಿದ್ದೆ. ನಿಮಗೆ ಇದು ಗೊತ್ತಿತ್ತು. ಗೊತ್ತಿದ್ದೇ ನೀವು ತಟ್ಟೆಯಿಂದ ತಲೆ ಎತ್ತಲಿಲ್ಲ. ಹಾಗಾಗಿ ಆ ಪತ್ರ ನಿಮ್ಮದೂ ಹೌದು, ನನ್ನದೂ ಹೌದು. ಸಹಿ ಮಾತ್ರ ನಿಮ್ಮದು.

೨೦೨೩ರ ಮಾರ್ಚ್‌ನಲ್ಲಿ ಅತ್ತೆ ಹೋದರು. ಏಪ್ರಿಲ್‌ನಲ್ಲಿ ಮಾರ್ತಾಳಿಗೆ ಇನ್ನು ಬರಬೇಡ ಎಂದೆವು. ಹೊಳೆ ದಾಟಿದ ಮೇಲೆ ಅಂಬಿಗನ ಹಂಗೇಕೆ. ಆರು ತಿಂಗಳಿಗೆ ನೀವೂ ಹೊರಟಿರಿ. ಅತ್ತೆ ಇಲ್ಲದ ಮೇಲೆ ನಮಗೆ ಆಡಲು ಜಗಳವೂ ಉಳಿದಿರಲಿಲ್ಲ.

ಈಗ ಬೇಕಾಗಿರುವುದು ಇಷ್ಟು. ಮೆಮೊರಿ ಕ್ಲಿನಿಕ್ಕಿನ ಡಾಕ್ಟರು ಮಾರ್ತಾಳನ್ನು ಅವಳದೇ ಭಾಷೆಯಲ್ಲಿ ಪರೀಕ್ಷೆ ಮಾಡಿದ್ದಾರೆ. ರೋಗ ಮುಂದುವರಿದಿದೆ, ಪ್ರಶ್ನೋತ್ತರದಿಂದ ವಿನಾಯಿತಿ ಕೊಡಬೇಕು ಎಂದು ಸಹಿ ಹಾಕಲು ಸಿದ್ಧರಿದ್ದಾರೆ. ಏಪ್ರಿಲ್‌ನಲ್ಲಿ ಮತ್ತೆ ಸಂದರ್ಶನ. ಆದರೆ ಹಳೆಯ ಫೈಲಿನಲ್ಲಿ ನಿಮ್ಮ ಪತ್ರ ಕೂತಿದೆ. ಅದು ಹಾಗೇ ಇದ್ದರೆ ಪರೀಕ್ಷೆ ತಪ್ಪಿಸಿಕೊಳ್ಳಲು ಈಗ ರೋಗ ಹುಟ್ಟಿಸಿಕೊಂಡಿದ್ದಾಳೆ ಎಂದು ಅನುಮಾನ ಪಡುತ್ತಾರೆ ಎಂದು ಯೆಸೇನಿಯಾ ಹಿಡಿದಿರುವ ವಕೀಲರು ಹೇಳುತ್ತಾರೆ. ಪೌರತ್ವ ಸಿಕ್ಕರೆ ಹಗಲು ನೋಡಿಕೊಳ್ಳುವ ಕೇಂದ್ರಕ್ಕೆ ಸೇರಿಸಲು ನೆರವು ಸಿಗುವ ದಾರಿಯಿದೆಯಂತೆ. ಸಿಗದಿದ್ದರೆ ಹೊರಗಿನ ಬೀಗವೇ ಗತಿ. ಹಿಮದಲ್ಲಿ ಬಟ್ಟೆ ಚಪ್ಪಲಿ ಹಾಕಿಕೊಂಡು ಇನ್ನೊಂದು ಸಲ ಹೊರಟರೆ ನಮ್ಮ ಬಾಗಿಲು ಮುಟ್ಟುತ್ತಾಳೆಂಬ ಖಾತರಿಯಿಲ್ಲ.

ಆದ್ದರಿಂದ ನೀವು ಬರೆಯಬೇಕು, ೨೦೨೨ರಲ್ಲಿ ನಾನು ಆಕೆಯನ್ನು ಪರೀಕ್ಷಿಸದೆ ಬರೆದೆ, ಮನೆಯವರ ಮಾತು ಕೇಳಿ ಬರೆದೆ, ಅದನ್ನು ಹಿಂತೆಗೆದುಕೊಳ್ಳುತ್ತೇನೆ, ಎಂದು. ಮನೆಯವರು ಎಂಬಲ್ಲಿ ನನ್ನ ಹೆಸರು ಹಾಕಿ. ನಲವತ್ತು ವರ್ಷದ ಹೆಸರಿಗೆ ಮಸಿ ಎಂದು ನಿಮಗೆ ಅನ್ನಿಸುತ್ತದೆ. ನಿವೃತ್ತಿಯಾಗಿದ್ದೀರಿ, ಕನ್ನಡ ಸಂಘದವರು ಶಾಲು ಹೊದಿಸಿಯೂ ಆಗಿದೆ. ಆ ಹೆಸರನ್ನು ಇನ್ನು ಎಲ್ಲಿಗೆ ಒಯ್ಯುತ್ತೀರಿ?

ಉತ್ತರ ನನಗೆ ಬರೆಯುವುದು ಬೇಡ. ವಕೀಲರ ವಿಳಾಸ ಲಕೋಟೆಯೊಳಗೆ ಇದೆ. ಮಾರ್ಚ್ ಹತ್ತರೊಳಗೆ ಅವರ ಕೈ ಸೇರಲಿ.

ಇಂತಿ,
ಇನ್ನೂ ಕಾಗದದ ಮೇಲೆ ನಿಮ್ಮ ಹೆಂಡತಿ,
ರಾಜಲಕ್ಷ್ಮಿ

ತಾ.ಕ.: ನಿಮ್ಮ ಪತ್ರ ತಲುಪಿದ ಮೇಲೆ ಯೆಸೇನಿಯಾ ನಿಮಗೆ ಫೋನ್ ಮಾಡಬಹುದು. ಒರಟಾಗಿ ಮಾತಾಡಿದರೆ ಫೋನ್ ಇಡಬೇಡಿ. ಅತ್ತೆಯ ಕಾರ್ಯದ ದಿನ ಅವಳು ನಿಮ್ಮ ಮುಖ ನೋಡಲಿಲ್ಲವೆಂದು ಉಪಕಾರಸ್ಮರಣೆಯಿಲ್ಲದವಳು ಎಂದಿರಿ. ಅವಳ ಕೋಪ ಆ ಕ್ಲಿನಿಕ್ಕಿಗೆ ನೀವು ಬರೆದ ಪತ್ರದ ಮೇಲಿನದಲ್ಲ. ೨೦೨೨ರ ನವೆಂಬರ್‌ನಲ್ಲಿ, ಎರಡನೆಯ ಪರೀಕ್ಷೆಗೆ ಮೂರು ವಾರ ಮುಂಚೆ, ಅವಳು ಇದೇ ವಿನಾಯಿತಿಯ ಫಾರಂ ಹಿಡಿದು ನಮ್ಮ ಮನೆಗೆ ಬಂದಿದ್ದಳು. ಡಾಕ್ಟರೇ ಒಂದು ಸಲ ಅಮ್ಮನನ್ನು ಸರಿಯಾಗಿ ನೋಡಿ ಸಹಿ ಹಾಕಲಿ ಎಂದು ನನ್ನ ಕೈಯಲ್ಲಿ ಕೊಟ್ಟು ಹೋದಳು. ಎರಡು ದಿನ ಬಿಟ್ಟು ವಾಪಸ್ ಕೊಟ್ಟೆ, ಡಾಕ್ಟರ್ ಪೂರ್ತಿ ಓದಿದರು, ಸುಳ್ಳಿಗೆ ಸಹಿ ಹಾಕುವವನಲ್ಲ ಎಂದರು, ಎಂದು ಹೇಳಿ. ಆ ಫಾರಂ ನಿಮ್ಮ ಕಣ್ಣಿಗೇ ಬಿದ್ದಿರಲಿಲ್ಲ. ಯೆಸೇನಿಯಾಗೆ ಇದನ್ನು ನಾನು ಇನ್ನೂ ಹೇಳಿಲ್ಲ. ಹೇಳಿದರೆ ನಾಳೆ ಸೋಮವಾರ, ಮಾರ್ತಾಳನ್ನು ನನ್ನ ಹತ್ತಿರ ಬಿಡುವುದಿಲ್ಲ.